ಚೆನ್ನೈಯಿಂದ ಹಡಗು ಹತ್ತಿ ಅಂಡಮಾನಿಗೆ: ಟಿಕೆಟ್‌ನಿಂದ ಮೊದಲ ದಡದವರೆಗೆ ಸಮಗ್ರ ಮಾರ್ಗದರ್ಶಿ

ಹಡಗಿನಲ್ಲಿ ನಮ್ಮ ಎರಡನೇ ಸಂಜೆ. ಡೆಕ್ಕಿನ ಕಂಬಿ ಹಿಡಿದು ನಿಂತಿದ್ದ ಅಪ್ಪ ಕೈಗಡಿಯಾರ ನೋಡಿಕೊಂಡು, "ನಿನ್ನೆಗಿಂತ ಕಾಲು ಗಂಟೆ ಮೊದಲೇ ಮುಳುಗಿತಲ್ಲ" ಎಂದರು. ಮೂರನೇ ಸಂಜೆ ಸೂರ್ಯ ಇನ್ನೂ ಬೇಗ ಮುಳುಗಿದ. ಗಡಿಯಾರ ಸರಿಯಾಗಿಯೇ ಇತ್ತು, ಪೂರ್ವಕ್ಕೆ ಸರಿಯುತ್ತಿದ್ದವರು ನಾವು. ಬೆಂಗಳೂರಿಗೂ ಪೋರ್ಟ್ ಬ್ಲೇರಿಗೂ ರೇಖಾಂಶದಲ್ಲಿ ಸುಮಾರು 15 ಡಿಗ್ರಿ ವ್ಯತ್ಯಾಸ. 15 ಡಿಗ್ರಿ ಅಂದರೆ ಸೂರ್ಯನ ಲೆಕ್ಕದಲ್ಲಿ ಸರಿಯಾಗಿ ಒಂದು ಗಂಟೆ. ಆದರೆ ಗಡಿಯಾರದ ಮುಳ್ಳು ಎರಡೂ ಕಡೆ ಒಂದೇ.

ವಿಮಾನದಲ್ಲಿ ಬೆಂಗಳೂರಿನಿಂದ ನೇರ ಹೋದರೆ ಎರಡೂವರೆ ಗಂಟೆ ಸಾಕು. ಆ ಒಂದು ಗಂಟೆ ಎಲ್ಲಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಹಡಗಿನಲ್ಲಿ ಹೋದರೆ ಅದು ದಿನಾ ಸ್ವಲ್ಪ ಸ್ವಲ್ಪ ಕರಗುವುದು ಕಣ್ಣಿಗೇ ಕಾಣುತ್ತದೆ. ಅಂಡಮಾನ್ ಎಷ್ಟು ದೂರದಲ್ಲಿದೆ, ಅದನ್ನು ಹಿಂದೆ 'ಕಾಲಾಪಾನಿ' ಅಂತ ಯಾಕೆ ಕರೆದರು ಅನ್ನುವುದು ನನಗೆ ತಿಳಿದದ್ದು ಆ ಮೂರು ದಿನಗಳಲ್ಲಿ. ಅದಕ್ಕೇ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಹೋಗುವಾಗ ಹಡಗು, ಬರುವಾಗ ವಿಮಾನ. ಈ ಬರಹದಲ್ಲಿ ಅದನ್ನು ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಸರುಗಳ ಬಗ್ಗೆ ಒಂದು ಮಾತು. ಪೋರ್ಟ್ ಬ್ಲೇರಿನ ಹೆಸರು 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಬದಲಾಯಿತು. 2018ರ ಡಿಸೆಂಬರಿನಲ್ಲೇ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಗಿತ್ತು, ನೀಲ್ ಶಹೀದ್ ದ್ವೀಪವಾಗಿತ್ತು. ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರಿಟ್ಟರು. ಟಿಕೆಟ್ ಮಾಡಿಸುವಾಗ ಎರಡೂ ಹೆಸರು ಗೊತ್ತಿರಲಿ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಜಾಸ್ತಿ, ಹಾಗಾಗಿ ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಮೊದಲ ಹೆಜ್ಜೆ: ತಿಂಗಳು ಆರಿಸಿ

ಹಡಗಿನಲ್ಲಿ ಹೋಗುವವರಿಗೆ ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯ ಕಾಲ. ಆಗ ಬಂಗಾಳ ಕೊಲ್ಲಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ದಸರಾ, ದೀಪಾವಳಿ ರಜೆಗೆ ಹೋಗೋಣ ಅಂತ ಎಲ್ಲರಿಗೂ ಅನಿಸುತ್ತದೆ, ಆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. ದ್ವೀಪದಲ್ಲಿ ಬಿಸಿಲಿದ್ದರೂ ನಡುಗಡಲು ಬೇರೆ ಥರ ಇರಬಹುದು. ಆ ತಿಂಗಳುಗಳಲ್ಲಿ ಹೋಗಲೇಬೇಕು ಅಂದರೆ ಎರಡೂ ಕಡೆ ವಿಮಾನವೇ ವಾಸಿ.

ಮೇ ಮೂರನೇ ವಾರದ ಆಸುಪಾಸಿಗೆ ಮುಂಗಾರು ಮೊದಲು ಕಾಲಿಡುವುದು ಅಂಡಮಾನ್ ಸಮುದ್ರದಲ್ಲಿ. ಅಲ್ಲಿಂದ ಹೊರಟು ಕೇರಳ ಮುಟ್ಟಿ, ಆಮೇಲೆ ನಮ್ಮ ಕರಾವಳಿಗೆ ಬರುತ್ತದೆ. 'ಅಂಡಮಾನಿಗೆ ಮುಂಗಾರು ಪ್ರವೇಶ' ಅಂತ ಪೇಪರಿನಲ್ಲಿ ಓದಿದ ಮೇಲೆ ಸಮುದ್ರ ಯಾನದ ಆಸೆಯನ್ನು ಆ ವರ್ಷಕ್ಕೆ ಬಿಟ್ಟುಬಿಡಿ.

ಎರಡನೇ ಹೆಜ್ಜೆ: ಹಡಗಿನ ಟಿಕೆಟ್

ಪ್ರಯಾಣಿಕರ ಹಡಗುಗಳು ಮೂರು ಊರುಗಳಿಂದ ಹೊರಡುತ್ತವೆ: ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣ. ನಮಗೆ ಚೆನ್ನೈಯೇ ಹತ್ತಿರ. ಅಲ್ಲಿಂದ ಪೋರ್ಟ್ ಬ್ಲೇರಿಗೆ ಸಮುದ್ರದಲ್ಲಿ ಸುಮಾರು 1,190 ಕಿಲೋಮೀಟರ್. ಅಷ್ಟು ದೂರ ಹೋಗಲು ಹಡಗಿಗೆ 60 ಗಂಟೆ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಅಂದರೆ ಗಂಟೆಗೆ ಹೆಚ್ಚು ಕಡಿಮೆ 20 ಕಿಲೋಮೀಟರ್, ಒಳ್ಳೆಯ ರಸ್ತೆಯಲ್ಲಿ ಸೈಕಲ್ ತುಳಿದ ಹಾಗೆ.

ಈ ಹಡಗುಗಳು ದಿನಾ ಇರುವುದಿಲ್ಲ. ಚೆನ್ನೈಯಿಂದ ತಿಂಗಳಿಗೆ ಕೆಲವೇ ಯಾನ. ಅಂಡಮಾನ್ ಆಡಳಿತದ ಶಿಪ್ಪಿಂಗ್ ಸರ್ವಿಸಸ್ ನಿರ್ದೇಶನಾಲಯದ ವೆಬ್‌ಸೈಟಿನಲ್ಲಿ ವೇಳಾಪಟ್ಟಿ ಹಾಕುತ್ತಾರೆ. ಅದನ್ನು 'ತಾತ್ಕಾಲಿಕ' ಅಂತಲೇ ಹಾಕುವುದು, ನೀವೂ ಹಾಗೆಯೇ ಓದಿ. ಎಂ.ವಿ. ನಾನ್‌ಕೌರಿ, ಎಂ.ವಿ. ಸ್ವರಾಜ್ ದ್ವೀಪ್, ಎಂ.ವಿ. ಕ್ಯಾಂಪ್‌ಬೆಲ್ ಬೇ ಮುಂತಾದ ಹೆಸರುಗಳು ಆ ಪಟ್ಟಿಯಲ್ಲಿ ಕಾಣುತ್ತವೆ. ನಾನ್‌ಕೌರಿ, ಸ್ವರಾಜ್ ದ್ವೀಪ್ ಥರದ ದೊಡ್ಡ ಹಡಗುಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಕ್ಯಾಂಪ್‌ಬೆಲ್ ಬೇ ಅವುಗಳಿಗಿಂತ ಚಿಕ್ಕದು.

ಟಿಕೆಟ್ಟಿನಲ್ಲಿ ಎರಡು ಬಗೆ ಅಂದುಕೊಳ್ಳಿ: ಬಂಕ್ ಮತ್ತು ಕ್ಯಾಬಿನ್. ಬಂಕ್ ಅಂದರೆ ದೊಡ್ಡ ಹಾಲಿನಲ್ಲಿ ರೈಲಿನ ಬರ್ತ್ ಥರ ಸಾಲಾಗಿ ಮಂಚ. ವಿಮಾನಕ್ಕಿಂತ ಎಷ್ಟೋ ಅಗ್ಗ. ಕ್ಯಾಬಿನ್‌ಗಳಲ್ಲಿ ಎರಡು, ನಾಲ್ಕು ಅಥವಾ ಹೆಚ್ಚು ಮಂಚದ ಕೋಣೆಗಳಿದ್ದು, ಮೇಲಿನ ದರ್ಜೆಯ ದರ ಕೆಲವು ಸಲ ವಿಮಾನದ ಟಿಕೆಟ್ ಹತ್ತಿರಕ್ಕೇ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮೂವತ್ತರ ಒಳಗಿನ ಗೆಳೆಯರ ಗುಂಪಿಗೆ ಬಂಕ್ ಸಾಕು. ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಕ್ಯಾಬಿನ್ ತೆಗೆದುಕೊಳ್ಳಿ. ಮೂರು ದಿನ ಸಾರ್ವಜನಿಕ ಶೌಚಾಲಯ ಬಳಸಬೇಕಾಗುತ್ತದೆ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ.

ಭಾರತೀಯರಿಗೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ನೋಡಲು ಪರವಾನಗಿ ಬೇಡ. ಸರಕಾರಿ ಗುರುತಿನ ಚೀಟಿ ಸಾಕು, ಮೂಲಪ್ರತಿ ಇರಲಿ. ವಿದೇಶದ ಪಾಸ್‌ಪೋರ್ಟ್ ಇರುವ ಬಂಧುಗಳು ಜತೆಗಿದ್ದರೆ ಅವರಿಗೆ ನಿಯಮ ಬೇರೆ, ಟಿಕೆಟ್ಟಿಗೆ ಮೊದಲೇ ವಿಚಾರಿಸಿಕೊಳ್ಳಿ.

ಮೂರನೇ ಹೆಜ್ಜೆ: ದಿನಗಳ ಲೆಕ್ಕ

ಇದನ್ನು ನಿಧಾನವಾಗಿ ಓದಿ. ಪ್ರವಾಸ ಹಾಳಾಗುವುದು ಇಲ್ಲೇ.

ನಾವು ಹೋದಾಗ ಹಡಗು ಒಂದು ದಿನ ತಡವಾಗಿ ಹೊರಟಿತು. ತಲುಪಿದ ಮರುದಿನ ಬೆಳಿಗ್ಗೆಗೆ ಹ್ಯಾವ್‌ಲಾಕ್ ದೋಣಿಗೆ ಟಿಕೆಟ್ ಮಾಡಿದ್ದೆ, ಅಲ್ಲಿನ ಕೋಣೆಗೂ ಪೂರ್ತಿ ದುಡ್ಡು ಕಟ್ಟಿದ್ದೆ. ಎರಡೂ ಹೋಯಿತು. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಅಪ್ಪನಿಗೆ ರಾಧಾನಗರದ ಕಡಲ ತೀರದಲ್ಲಿ ಎರಡು ಸಂಜೆಯ ಬದಲು ಒಂದೇ ಸಂಜೆ ಸಿಕ್ಕಿದ್ದು.

ಹಾಗಾಗಿ ಲೆಕ್ಕ ಹೀಗಿರಲಿ. ಚೆನ್ನೈಗೆ ಹಡಗು ಹೊರಡುವ ಹಿಂದಿನ ದಿನವೇ ತಲುಪಿ. ಸಮುದ್ರದ ಮೇಲೆ ಮೂರು ದಿನ ಅಂತ ಹಿಡಿಯಿರಿ, ಅದರ ಮೇಲೆ ಒಂದು ದಿನ ಖಾಲಿ ಬಿಡಿ. ಪೋರ್ಟ್ ಬ್ಲೇರಿನಲ್ಲಿ ಒಂದೂವರೆ ದಿನ, ಹ್ಯಾವ್‌ಲಾಕಿನಲ್ಲಿ ಎರಡು ರಾತ್ರಿ, ನೀಲಿನಲ್ಲಿ ಒಂದು ರಾತ್ರಿ. ವಿಮಾನದ ಹಿಂದಿನ ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರಿಗೆ ವಾಪಸ್ ಬಂದಿರಬೇಕು. ಗಾಳಿ ಜೋರಾದರೆ ದ್ವೀಪಗಳ ನಡುವಿನ ದೋಣಿ ನಿಂತುಹೋಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಒಟ್ಟು ಹತ್ತರಿಂದ ಹನ್ನೊಂದು ದಿನ ಬೇಕು. ಅಷ್ಟು ರಜೆ ಸಿಗದಿದ್ದರೆ ಹಡಗನ್ನು ಬಿಡಿ, ಖಾಲಿ ದಿನವನ್ನು ಬಿಡಬೇಡಿ. ಹಡಗು ಇಲ್ಲದೆಯೂ ಅಂಡಮಾನ್ ಚೆನ್ನಾಗಿರುತ್ತದೆ. ಆದರೆ ಮಧ್ಯೆ ಉಸಿರಾಡಲು ಜಾಗವಿಲ್ಲದ ಪ್ರವಾಸ ಚೆನ್ನಾಗಿರುವುದಿಲ್ಲ.

ನಾಲ್ಕನೇ ಹೆಜ್ಜೆ: ಎರಡು ಚೀಲ

ಹಡಗಿಗೆ ಒಂದು, ದ್ವೀಪಕ್ಕೆ ಒಂದು. ಹಡಗಿನ ಚೀಲ ಸದಾ ತಲೆದಿಂಬಿನ ಪಕ್ಕದಲ್ಲಿರಬೇಕು. ಅದರಲ್ಲಿ ಮೂರು ದಿನದ ಬಟ್ಟೆ, ತೆಳ್ಳಗಿನ ಹೊದಿಕೆ, ಸ್ವೆಟರ್ ಇಡಿ. ಒಳಗೆ ಏಸಿ ರಾತ್ರಿ ಹೊತ್ತು ಚಳಿ ಹಿಡಿಸುತ್ತದೆ. ಟಿಶ್ಯೂ, ಸೋಪು, ಚಪ್ಪಲಿ, ಟಾರ್ಚ್ ಬೇಕು. ಮಾತ್ರೆಗಳೆಲ್ಲ ಇದರಲ್ಲೇ ಇರಲಿ. ಅಪ್ಪನ ಬಿ.ಪಿ. ಮಾತ್ರೆ ದೊಡ್ಡ ಸೂಟ್‌ಕೇಸಿನ ತಳದಲ್ಲಿ ಸೇರಿಹೋಗಿ, ಕಿಕ್ಕಿರಿದ ಜಾಗದಲ್ಲಿ ಅದನ್ನು ಬಿಚ್ಚಿ ಹುಡುಕಿದ್ದು ಮೊದಲ ರಾತ್ರಿಯ ನೆನಪು.

ತಿಂಡಿ ಧಾರಾಳವಾಗಿ ಒಯ್ಯಿರಿ. ಹಡಗಿನಲ್ಲಿ ದುಡ್ಡು ಕೊಟ್ಟರೆ ಊಟ ಸಿಗುತ್ತದೆ: ಅನ್ನ, ಸಾರು, ಪಲ್ಯ, ಮೊಟ್ಟೆ, ಮೀನು. ಆದರೆ ಎರಡನೇ ದಿನದ ಮಧ್ಯಾಹ್ನಕ್ಕೆ ನಾಲಿಗೆ ಮನೆಯ ರುಚಿ ಕೇಳುತ್ತದೆ. ಹುರಿದ ಅವಲಕ್ಕಿ, ಚಟ್ನಿಪುಡಿ, ನಿಪ್ಪಟ್ಟು, ಖರ್ಜೂರ, ನಿಂಬೆಹಣ್ಣು ನಮ್ಮನ್ನು ಕಾಪಾಡಿದವು. ನಿಂಬೆಹಣ್ಣು ಖಂಡಿತ ಮರೆಯಬೇಡಿ.

ನಗದು ಹಣ ಕೈಯಲ್ಲಿರಲಿ. ದಡ ಕಾಣೆಯಾದ ಮೇಲೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಫೋನಿನಲ್ಲಿ ದುಡ್ಡು ಕಳಿಸುವುದು ಆಗದ ಮಾತು. ಹ್ಯಾವ್‌ಲಾಕ್, ನೀಲ್‌ನಲ್ಲೂ ಎಟಿಎಂ ಕಡಿಮೆ. ಚೆನ್ನೈಯಿಂದ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದು 2020ರ ಆಗಸ್ಟಿನಲ್ಲಿ ಚಾಲೂ ಮಾಡಿದ ಮೇಲೆ ದ್ವೀಪಗಳ ಇಂಟರ್‌ನೆಟ್ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಆದರೂ ಟಿಕೆಟ್, ಹೋಟೆಲ್ ರಸೀದಿಗಳನ್ನು ಕಾಗದದಲ್ಲಿ ತೆಗೆದಿಟ್ಟುಕೊಳ್ಳಿ.

ಐದನೇ ಹೆಜ್ಜೆ: ಹತ್ತುವ ದಿನ

ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದರೆ ಬೆಳಗಿನ ಜಾವ ಚೆನ್ನೈ ಸೆಂಟ್ರಲ್, ಅದು ಹಡಗಿನ ಹಿಂದಿನ ದಿನವಾಗಿರಲಿ. ಬಂದರು ಅಲ್ಲಿಂದ ಹತ್ತಿರವೇ, ಆಟೋ ಸಾಕು. ಹಡಗು ಹೊರಡುವುದಕ್ಕೆ ಎಷ್ಟೋ ಗಂಟೆ ಮೊದಲೇ ಬರಲು ಹೇಳುತ್ತಾರೆ. ಗೇಟಿನಲ್ಲಿ ಟಿಕೆಟ್, ಗುರುತಿನ ಚೀಟಿ, ಆಮೇಲೆ ಸಾಮಾನು ತಪಾಸಣೆ, ಆಮೇಲೆ ಉದ್ದನೆಯ ಕಾಯುವಿಕೆ. ನೀರು, ಟೋಪಿ, ತಾಳ್ಮೆ ಇಟ್ಟುಕೊಂಡು ಹೋಗಿ.

ಆ ಸಾಲಿನಲ್ಲಿ ನಿಂತಾಗ ಸುತ್ತ ನೋಡಿ. ಪ್ರವಾಸಿಗರು ಕಡಿಮೆ. ಊರಿಗೆ ಮರಳುತ್ತಿರುವ ದ್ವೀಪದವರು, ಕೆಲಸಕ್ಕೆ ಹೊರಟ ಮೇಸ್ತ್ರಿಗಳು, ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು, ಚಿಕಿತ್ಸೆಗೆ ಚೆನ್ನೈಗೆ ಬಂದು ವಾಪಸ್ ಹೊರಟ ಕುಟುಂಬಗಳೇ ಜಾಸ್ತಿ. ನಮಗೆ ಇದು ವಿಹಾರ, ಅವರಿಗೆ ಊರಿನ ಬಸ್ಸು. ಅವರು ಹೇಗೆ ಸಾಮಾನು ಕಟ್ಟಿದ್ದಾರೆ, ಎಲ್ಲಿ ಕೂರುತ್ತಾರೆ ಅಂತ ಗಮನಿಸಿ. ಯಾವ ಕ್ಯಾಂಟೀನು ಎಷ್ಟು ಹೊತ್ತಿಗೆ ತೆರೆಯುತ್ತದೆ, ಡೆಕ್ಕಿನಲ್ಲಿ ಎಲ್ಲಿ ನೆರಳಿದೆ ಎಂಬುದನ್ನೆಲ್ಲ ನನಗೆ ಹೇಳಿಕೊಟ್ಟವರು ಪಕ್ಕದ ಮಂಚದ ಒಬ್ಬ ಅಜ್ಜಿ. ಹರುಕು ಮುರುಕು ಹಿಂದಿಯಲ್ಲೇ ನಮ್ಮ ಮಾತು ನಡೆಯಿತು.

ಆರನೇ ಹೆಜ್ಜೆ: ನೀರಿನ ಮೇಲೆ ಮೂರು ದಿನ

ಎಲ್ಲರೂ ಕೇಳುವುದು ವಾಂತಿ ಬಗ್ಗೆ. ನಮ್ಮ ಕಣ್ಣು ಕೋಣೆಯ ಗೋಡೆ ನೋಡಿ 'ಅಲುಗಾಟ ಇಲ್ಲ' ಅನ್ನುತ್ತದೆ, ಒಳಕಿವಿ 'ಅಲುಗುತ್ತಿದೆ' ಅನ್ನುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಕಾರಣ ಗೊತ್ತಾದರೆ ಪರಿಹಾರವೂ ಗೊತ್ತಾಗುತ್ತದೆ. ಡೆಕ್ಕಿಗೆ ಬಂದು ದೂರದ ದಿಗಂತದ ಗೆರೆಯನ್ನೇ ನೋಡುತ್ತಾ ನಿಲ್ಲಿ. ಫೋನು, ಪುಸ್ತಕ ಬದಿಗಿಡಿ. ಹೊಟ್ಟೆ ಖಾಲಿ ಬಿಡಬೇಡಿ, ತುಂಬಾ ತುಂಬಲೂಬೇಡಿ. ಶುಂಠಿ, ನಿಂಬೆ ಒಳ್ಳೆಯದು. ಮಾತ್ರೆ ತೆಗೆದುಕೊಳ್ಳುವುದಾದರೆ ಊರಿನಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ, ಮತ್ತು ಹಡಗು ಹೊರಡುವ ಮೊದಲೇ ನುಂಗಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಂಚ ಆರಿಸುವ ಅವಕಾಶ ಸಿಕ್ಕರೆ ಹಡಗಿನ ನಡುಭಾಗ, ಕೆಳಗಿನ ಮಟ್ಟ ಕೇಳಿ. ತಕ್ಕಡಿಯ ನಡುವಿನ ಹಾಗೆ, ಅಲ್ಲಿ ಏರಿಳಿತ ಕಡಿಮೆ. ಹೆಚ್ಚಿನವರಿಗೆ ಎರಡನೇ ದಿನದ ಹೊತ್ತಿಗೆ ಮೈ ಒಗ್ಗಿಕೊಳ್ಳುತ್ತದೆ.

ಮೊದಲ ಸಂಜೆ ಚೆನ್ನೈ ನಿಧಾನವಾಗಿ ಹಿಂದೆ ಸರಿಯುತ್ತದೆ. ನೀರು ಮಣ್ಣು ಬೆರೆಸಿದ ಹಸಿರು. ಫೋನಿನ ಕಡ್ಡಿಗಳು ಒಂದೊಂದೇ ಕಡಿಮೆಯಾಗಿ ಸಿಗ್ನಲ್ ಹೋಗುತ್ತದೆ. ಮನೆಗೆ ಕೊನೆಯ ಕರೆ ಮಾಡಿ, 'ಇನ್ನು ಮೂರು ದಿನ ಫೋನ್ ಬರಲ್ಲ, ಗಾಬರಿಯಾಗಬೇಡಿ' ಅಂತ ಸ್ಪಷ್ಟವಾಗಿ ಹೇಳಿ.

ಮರುದಿನ ಬೆಳಿಗ್ಗೆ ಡೆಕ್ಕಿಗೆ ಬಂದಾಗ ಸಮುದ್ರದ ಬಣ್ಣವೇ ಬೇರೆ. ಶಾಯಿ ಚೆಲ್ಲಿದ ಹಾಗೆ ದಟ್ಟ ನೀಲಿ. ಬಂಗಾಳ ಕೊಲ್ಲಿಯ ಸರಾಸರಿ ಆಳವೇ ಎರಡೂವರೆ ಕಿಲೋಮೀಟರಿಗಿಂತ ಜಾಸ್ತಿ. ದಡದ ಕೆಸರು ಇಲ್ಲಿಯವರೆಗೆ ಬರುವುದಿಲ್ಲ. ಬಿಸಿಲಿನ ಕೆಂಪು, ಹಳದಿಯನ್ನು ನೀರು ಹೀರಿಕೊಂಡು ನೀಲಿಯನ್ನಷ್ಟೇ ವಾಪಸ್ ಕೊಡುತ್ತದೆ. ಮಲ್ಪೆಯಲ್ಲಿ, ಕಾರವಾರದಲ್ಲಿ ದಡದಿಂದ ನೋಡಿದ ಸಮುದ್ರ ನನಗೆ ಗೊತ್ತಿತ್ತು. ನಾಲ್ಕೂ ದಿಕ್ಕಿಗೆ ದಡವೇ ಇಲ್ಲದ ಸಮುದ್ರ ಗೊತ್ತಿರಲಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಒಂದು ದೊಡ್ಡ ತಟ್ಟೆ, ಅದರ ನಡುವೆ ನಾವು. ಎಷ್ಟು ಹೊತ್ತು ಸಾಗಿದರೂ ತಟ್ಟೆಯ ಅಂಚು ಅಷ್ಟೇ ದೂರ.

ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹಡಗಿನ ಮುಂದಿನ ಬದಿಯಲ್ಲಿ ಕಾದರೆ ಹಾರುವ ಮೀನು ಕಾಣುವ ಸಾಧ್ಯತೆ ಇದೆ. ಹಡಗಿಗೆ ಹೆದರಿ ನೀರಿನಿಂದ ಚಿಮ್ಮಿ, ಗುಬ್ಬಚ್ಚಿಯ ಹಾಗೆ ನೀರಿನ ಮೇಲ್ಮೈಗೆ ತಾಗಿಕೊಂಡೇ ತೇಲಿ, ಮತ್ತೆ ಮುಳುಗುತ್ತವೆ. ಅಪ್ಪ ಮೂವತ್ತೆರಡರವರೆಗೆ ಎಣಿಸಿದರು.

ಮಧ್ಯಾಹ್ನ ಡೆಕ್ಕಿನ ಕಬ್ಬಿಣ ಕಾದಿರುತ್ತದೆ, ಒಳಗೆ ಹೋಗಿ ಮಲಗಿ. ಇಸ್ಪೀಟು, ಚೌಕಾಬಾರ ಒಯ್ದಿದ್ದರೆ ಗೆಳೆಯರು ತಾವಾಗಿ ಬರುತ್ತಾರೆ. ರಾತ್ರಿ ಊಟದ ನಂತರ ಮತ್ತೆ ಮೇಲೆ ಬನ್ನಿ. ಸುತ್ತ ನೂರಾರು ಕಿಲೋಮೀಟರು ಒಂದು ಬೀದಿ ದೀಪವೂ ಇಲ್ಲ. ಹಡಗಿನ ದೀಪಗಳಿಂದ ಮರೆಯಾದ ಮೂಲೆ ಹುಡುಕಿ, ಹತ್ತು ನಿಮಿಷ ಕಣ್ಣು ಕತ್ತಲಿಗೆ ಒಗ್ಗಲು ಬಿಡಿ. ಅಮಾವಾಸ್ಯೆಯ ಆಸುಪಾಸಿನ ಯಾನ ಸಿಕ್ಕರೆ ಅದೃಷ್ಟ. ಆಕಾಶಗಂಗೆಯನ್ನು ನಾನು ಕೊನೆಯ ಸಲ ಅಷ್ಟು ಸ್ಪಷ್ಟವಾಗಿ ನೋಡಿದ್ದು ಬಾಲ್ಯದಲ್ಲಿ, ಕರೆಂಟ್ ಹೋದ ರಾತ್ರಿ, ಅಜ್ಜನ ಮನೆಯ ಅಂಗಳದಲ್ಲಿ.

ಏಳನೇ ಹೆಜ್ಜೆ: ದಡ ಕಂಡಾಗ

ಪೋರ್ಟ್ ಬ್ಲೇರ್ ಇರುವುದು ದಕ್ಷಿಣ ಅಂಡಮಾನಿನ ಪೂರ್ವ ದಡದಲ್ಲಿ. ಪಶ್ಚಿಮದಿಂದ ಬರುವ ಹಡಗು ದ್ವೀಪವನ್ನು ಬಳಸಿಕೊಂಡು ಹೋಗಬೇಕು. ಅದಕ್ಕೇ ನೆಲ ಕಂಡ ಮೇಲೂ ಗಂಟೆಗಟ್ಟಲೆ ಪ್ರಯಾಣ ಇರುತ್ತದೆ. ನಿದ್ದೆ ಬಿಟ್ಟಾದರೂ ಆ ಹೊತ್ತನ್ನು ಡೆಕ್ಕಿನಲ್ಲೇ ಕಳೆಯಿರಿ.

ಮೊದಲು ಕಂಡದ್ದು ಮೋಡದ ಸಾಲು. ಅದು ಸರಿಯಲೇ ಇಲ್ಲ. ಆಮೇಲೆ ಅದರ ಅಡಿಯಲ್ಲಿ ಕಪ್ಪು ಗೆರೆ, ಗೆರೆ ದಪ್ಪವಾಗಿ ಬೆಟ್ಟ. ದ್ವೀಪ ಅಂದರೆ ಚಪ್ಪಟೆ ಮರಳು, ನಾಲ್ಕು ತೆಂಗಿನ ಮರ ಅಂದುಕೊಂಡಿದ್ದೆ. ಲಕ್ಷದ್ವೀಪ ಹಾಗಿದೆ, ಅದು ಹವಳದ ದಿಬ್ಬ. ಅಂಡಮಾನ್ ಬೇರೆ. ಮ್ಯಾನ್ಮಾರಿನ ಅರಕಾನ್ ಬೆಟ್ಟ ಸಾಲು ಸಮುದ್ರದೊಳಗೆ ಮುಂದುವರಿದು, ಅದರ ತುದಿಗಳು ನೀರಿನ ಮೇಲೆ ಉಳಿದಿರುವುದೇ ಈ ದ್ವೀಪಗಳು. ಉತ್ತರದ ಸ್ಯಾಡಲ್ ಪೀಕ್ 732 ಮೀಟರ್ ಎತ್ತರ. ನೋಡಿದರೆ ನಮ್ಮ ಪಶ್ಚಿಮ ಘಟ್ಟದ ಒಂದು ತುಂಡನ್ನು ತಂದು ಸಮುದ್ರದಲ್ಲಿ ಇಟ್ಟ ಹಾಗಿದೆ. ಕಾಡು ಬೆಟ್ಟದ ನೆತ್ತಿಯಿಂದ ಇಳಿದು ನೇರ ನೀರಿಗೆ ಕಾಲಿಟ್ಟಿದೆ.

ಹತ್ತಿರವಾದಾಗ ಬಂದದ್ದು ವಾಸನೆ. ಮೂರು ದಿನ ಉಪ್ಪು, ಡೀಸೆಲ್, ಬಣ್ಣ ಬಳಿದ ಕಬ್ಬಿಣ ಬಿಟ್ಟು ಬೇರೇನೂ ಮೂಗಿಗೆ ತಾಗಿರಲಿಲ್ಲ. ಗಾಳಿ ತಿರುಗಿದಾಗ ಒದ್ದೆ ಎಲೆ, ಮಣ್ಣು, ಎಲ್ಲೋ ಉರಿಯುವ ಸೌದೆಯ ಹೊಗೆ ಒಟ್ಟಿಗೇ ಬಂತು. ಡೆಕ್ಕಿನಲ್ಲಿ ಮಾತಾಡುತ್ತಿದ್ದವರು ಒಂದು ಕ್ಷಣ ಸುಮ್ಮನಾದರು. ಊರಿನವರು ಚೀಲ ಕಟ್ಟಲು ಕೆಳಗೆ ಓಡಿದರು.

ಬಂದರಿನ ಬಾಯಿಯಲ್ಲಿ ರಾಸ್ ದ್ವೀಪ. ಎದುರಿಗೆ ಗುಡ್ಡದ ಮೇಲೆ ಸೆಲ್ಯುಲರ್ ಜೈಲು. ಉತ್ತರಕ್ಕೆ ನಾರ್ತ್ ಬೇಯ ದೀಪಸ್ತಂಭ. ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟು ಎಲ್ಲಾದರೂ ಉಳಿದಿದ್ದರೆ ಜತೆಗೆ ಒಯ್ಯಿರಿ. ಅದರ ಹಿಂಬದಿಯ ಚಿತ್ರದಲ್ಲಿ ಇರುವುದು ಇದೇ ಕೊಲ್ಲಿ, ಹಿಂದೆ ಮೌಂಟ್ ಹ್ಯಾರಿಯೆಟ್ ಎಂಬ ಹೆಸರಿದ್ದ ಗುಡ್ಡದಿಂದ ಕಾಣುವ ನೋಟ.

ಹಡಗು ನಿಲ್ಲುವುದು ಹ್ಯಾಡೋ ಬಂದರಿನಲ್ಲಿ. ಇಳಿದ ಮೇಲೆ ನೆಲ ತೂಗುತ್ತದೆ, ಹೆದರಬೇಡಿ. ಮೂರು ದಿನ ಅಲೆಗೆ ಒಗ್ಗಿದ ಮೈ ಗಟ್ಟಿ ನೆಲದಲ್ಲೂ ಅಲೆಯನ್ನು ಹುಡುಕುತ್ತದೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿದಾಗ ಜಾಸ್ತಿ, ಗೋಡೆ ಹಿಡಿದುಕೊಳ್ಳಿ. ನಿದ್ದೆ ಮಾಡಿ ಎದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದಕ್ಕೇ ಮೊದಲ ದಿನ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬೇಡಿ, ಆಟೋ ಹಿಡಿಯಿರಿ.

ಎಂಟನೇ ಹೆಜ್ಜೆ: ಗಡಿಯಾರ ಬಿಟ್ಟು ಸೂರ್ಯನನ್ನು ನೋಡಿ

ಫೆಬ್ರವರಿ ಮಧ್ಯದಲ್ಲಿ ಇಲ್ಲಿ ಸಂಜೆ 5:30ರ ಒಳಗೆ ಸೂರ್ಯ ಮುಳುಗುತ್ತಾನೆ, ಆಗ ಬೆಂಗಳೂರಿನಲ್ಲಿ ಇನ್ನೂ ಒಂದು ಗಂಟೆ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಐದಕ್ಕೇ ಕತ್ತಲು ಕವಿಯಲು ಶುರು. ಬೆಂಗಳೂರಿನ ಅಭ್ಯಾಸದಂತೆ ಎಂಟಕ್ಕೆ ಎದ್ದು, ಹತ್ತಕ್ಕೆ ಹೊರಟರೆ ಅರ್ಧ ದಿನ ಹೋಯಿತು. ನಾಲ್ಕೂವರೆಗೆ ಎದ್ದು, ಐದೂವರೆಗೆ ತೀರದಲ್ಲಿರಿ. ರಾತ್ರಿ ಎಂಟಕ್ಕೆ ಮಲಗಿ.

ಮೊದಲ ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಕೊಡಿ. 1896ರಿಂದ 1906ರವರೆಗೆ ಕಟ್ಟಿದ್ದು. ನಡುವೆ ಗೋಪುರ, ಅದರಿಂದ ಚಕ್ರದ ಅರಗಳ ಹಾಗೆ ಏಳು ಸಾಲು ಕಟ್ಟಡ. ಒಂದು ಸಾಲಿನ ಕೋಣೆಗಳ ಮುಖ ಇನ್ನೊಂದು ಸಾಲಿನ ಬೆನ್ನಿಗೆ, ಹಾಗಾಗಿ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣುವಂತಿರಲಿಲ್ಲ. ಈಗ ಉಳಿದಿರುವುದು ಮೂರೇ ಸಾಲು. ಎತ್ತುಗಳ ಬದಲು ಮನುಷ್ಯರನ್ನು ಹೂಡಿದ ಗಾಣದ ಮಾದರಿ ಅಂಗಳದಲ್ಲಿದೆ. ನಮ್ಮ ಹಳ್ಳಿಯಲ್ಲಿ ಗಾಣ ನೋಡಿದ್ದ ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು. ಹಡಗಿನಲ್ಲಿ ಬಂದವರಿಗೆ ಆ ಜೈಲು ಬೇರೆ ಥರ ಅರ್ಥವಾಗುತ್ತದೆ. ಗೋಪುರದ ಮೇಲೆ ಹತ್ತಿ ನೀಲಿ ನೀರನ್ನು ನೋಡಿದಾಗ ಅದರ ಆಚೆ ಏನಿದೆ ಅಂತ ನಿಮಗೆ ಗೊತ್ತಿರುತ್ತದೆ. ತಪ್ಪಿಸಿಕೊಂಡವನು ಹೋಗುವುದಾದರೂ ಎಲ್ಲಿಗೆ, ಅಲ್ವಾ? ಈ ಜೈಲು ನೋಡಲು ಕನಿಷ್ಠ ಎರಡು ಗಂಟೆ ಇಡಿ. ಸಂಜೆಯ ಧ್ವನಿ ಬೆಳಕಿನ ಕಾರ್ಯಕ್ರಮವನ್ನೂ ನೋಡಿ.

ಒಂಬತ್ತನೇ ಹೆಜ್ಜೆ: ಹ್ಯಾವ್‌ಲಾಕ್, ನೀಲ್

ಸರಕಾರಿ ದೋಣಿ ಫೀನಿಕ್ಸ್ ಬೇಯಿಂದ ಹೊರಡುತ್ತದೆ, ನಿಧಾನ, ಅಗ್ಗ. ಖಾಸಗಿ ದೋಣಿಗಳು ಹ್ಯಾಡೋದಿಂದ, ಒಂದೂವರೆಯಿಂದ ಎರಡು ಗಂಟೆಯೊಳಗೆ ಹ್ಯಾವ್‌ಲಾಕ್ ತಲುಪಿಸುತ್ತವೆ. ಯಾವುದಾದರೂ ಸರಿ, ಬೆಳಗಿನದ್ದನ್ನೇ ಹಿಡಿಯಿರಿ.

ಹ್ಯಾವ್‌ಲಾಕಿನಲ್ಲಿ ತೀರಗಳಿಗೆ ನಂಬರ್ ಇದೆ. ರಾಧಾನಗರ ಏಳನೇ ನಂಬರ್. ಅದರ ಮುಖ ಪಶ್ಚಿಮಕ್ಕೆ, ಸಂಜೆಗೆ ಅಲ್ಲಿಗೆ ಹೋಗಿ. ಕಾಲಾಪತ್ಥರ್ ಪೂರ್ವಕ್ಕೆ, ಬೆಳಿಗ್ಗೆ ಅಲ್ಲಿಗೆ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಎಂಟು ಭಾರತೀಯ ಕಡಲ ತೀರಗಳಲ್ಲಿ ರಾಧಾನಗರವೂ ಒಂದು. ನಮ್ಮ ಪಡುಬಿದ್ರಿ, ಕಾಸರಕೋಡು ತೀರಗಳಿಗೂ ಅದೇ ಪಟ್ಟಿಯಲ್ಲಿ ಮನ್ನಣೆ ಸಿಕ್ಕಿತ್ತು. ಆದರೆ ಮರಳು ಬೇರೆ. ನಮ್ಮ ಕರಾವಳಿಯ ಮರಳು ಬಹುಪಾಲು ಘಟ್ಟದ ಕಲ್ಲನ್ನು ನದಿಗಳು ಅರೆದು ತಂದದ್ದು. ಇಲ್ಲಿಯದರಲ್ಲಿ ಹವಳ, ಚಿಪ್ಪುಗಳ ಪುಡಿ ತುಂಬಾ ಇದೆ. ಅದಕ್ಕೇ ಬಿಳಿ, ಅದಕ್ಕೇ ಬಿಸಿಲಲ್ಲೂ ಬರಿಗಾಲಿಗೆ ಅಷ್ಟಾಗಿ ಸುಡುವುದಿಲ್ಲ. ತೀರದ ಬೆನ್ನಿಗೇ ಆಕಾಶಕ್ಕೆ ನಿಂತ ಮರಗಳು. ಆ ಸಂಜೆ ಅಪ್ಪ ಪಂಚೆ ಮೊಣಕಾಲಿಗೆ ಕಟ್ಟಿಕೊಂಡು ನೀರಿನಲ್ಲಿ ನಿಂತರು. ಎರಡು ಸಲ ಕರೆದರೂ ಬರಲಿಲ್ಲ. ನಾನೂ ಮತ್ತೆ ಕರೆಯಲಿಲ್ಲ.

ಎಚ್ಚರಿಕೆ ಎರಡು. ಈ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಇದೇ ಹ್ಯಾವ್‌ಲಾಕಿನಲ್ಲಿ ಪ್ರವಾಸಿಯೊಬ್ಬರು ಸತ್ತಿದ್ದಾರೆ. ಫಲಕ ಹಾಕಿದ ಕಡೆ, ತೊರೆಯ ಬಾಯಿಯಲ್ಲಿ, ಮ್ಯಾಂಗ್ರೋವ್ ಪಕ್ಕದಲ್ಲಿ ನೀರಿಗೆ ಇಳಿಯಬೇಡಿ. ಇನ್ನೊಂದು, ಸಂಜೆ ಮರಳಿನ ನೊಣ ಕಚ್ಚುತ್ತದೆ. ಉದ್ದ ಪ್ಯಾಂಟು ಹಾಕಿ, ತೆಂಗಿನೆಣ್ಣೆ ಹಚ್ಚಿ.

ನೀಲ್ ಸಣ್ಣ ದ್ವೀಪ, ಸೈಕಲ್ ಸಾಕು. ಊರುಗಳ ಹೆಸರು ಕೇಳಿ: ರಾಮನಗರ, ಸೀತಾಪುರ, ಭರತ್‌ಪುರ, ಲಕ್ಷ್ಮಣ್‌ಪುರ. ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದವರು ಕಟ್ಟಿದ ಊರುಗಳು. ಬಾಳೆ, ಅಡಿಕೆ, ತರಕಾರಿ ತೋಟದ ನಡುವೆ ಹೋಗುವಾಗ ನನಗೆ ಕುಮಟಾ ಕಡೆಯ ದಾರಿ ನೆನಪಾಯಿತು. ನೀಲಿನ ತೀರದಲ್ಲಿ ತಾನಾಗಿ ಮೂಡಿದ ಕಲ್ಲಿನ ಸೇತುವೆ ನೋಡಲು ನೀರು ಇಳಿದ ಹೊತ್ತಿಗೇ ಹೋಗಬೇಕು, ಹಿಂದಿನ ರಾತ್ರಿ ಹೋಟೆಲಿನವರನ್ನು ಇಳಿತದ ಸಮಯ ಕೇಳಿಕೊಳ್ಳಿ.

ಹೋಗಬಾರದ ದಾರಿ

ಬಾರಾಟಾಂಗ್ ದ್ವೀಪದ ಪ್ರವಾಸ ಅಂತ ಬೆಳಗಿನ ಜಾವವೇ ಕರೆದುಕೊಂಡು ಹೋಗುತ್ತಾರೆ. ಸುಣ್ಣಕಲ್ಲಿನ ಗುಹೆ, ಕೆಸರು ಉಕ್ಕುವ ಜಾಗ ಅಲ್ಲಿವೆ. ರಸ್ತೆಯಲ್ಲಿ ಹೋದರೆ ಅದು ಜಾರವಾ ಎಂಬ ಆದಿವಾಸಿ ಜನರ ಕಾಡಿನ ನಡುವೆ ಹಾದುಹೋಗುತ್ತದೆ. ವಾಹನಗಳನ್ನು ಸಾಲಾಗಿ, ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಏನೂ ಕೊಡುವಂತಿಲ್ಲ. ಆ ಭಾಗದ ರಸ್ತೆಯನ್ನು ಮುಚ್ಚಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಒಬ್ಬ ಏಜೆಂಟ್ ನನ್ನ ಹತ್ತಿರ 'ಅದೃಷ್ಟ ಇದ್ದರೆ ಜಾರವಾ ಕಾಣಿಸುತ್ತಾರೆ' ಅಂದ. ಮನುಷ್ಯರ ಬಗ್ಗೆ ಹುಲಿ ಸಫಾರಿಯ ಮಾತು. ನಾವು ಹೋಗಲಿಲ್ಲ. ನೀವೂ ಹೋಗಬೇಡಿ ಅಂತ ನನ್ನ ಪ್ರಾಮಾಣಿಕ ಕೋರಿಕೆ. ಆ ದಿನವನ್ನು ರಾಸ್ ದ್ವೀಪಕ್ಕೆ ಕೊಡಿ. ಬ್ರಿಟಿಷರ ಹಳೆಯ ಕಟ್ಟಡಗಳನ್ನು ಆಲದ ಜಾತಿಯ ಮರಗಳು ಬೇರಿನಿಂದ ಅಪ್ಪಿಕೊಂಡಿವೆ, ಜಿಂಕೆಗಳು ಪಕ್ಕದಲ್ಲೇ ಓಡಾಡುತ್ತವೆ.

ಕೊನೆಯ ಹೆಜ್ಜೆ: ವಾಪಸ್

ಸ್ಕೂಬಾ ಡೈವಿಂಗ್ ಮಾಡುವುದಾದರೆ ಪ್ರವಾಸದ ಮೊದಲರ್ಧದಲ್ಲೇ ಮುಗಿಸಿ. ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆಯಾಗಿ ಅಪಾಯ ಮಾಡುತ್ತದೆ. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು.

ಚೀಲ ಕಟ್ಟುವಾಗ ಮಕ್ಕಳ ಜೇಬುಗಳನ್ನೂ ನೋಡಿ. ಹವಳದ ಚೂರು ಸತ್ತದ್ದಾದರೂ ಒಯ್ಯುವಂತಿಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಹಲವು ಜಾತಿಯ ಚಿಪ್ಪುಗಳಿಗೂ ಇದೆ. ತೀರದಲ್ಲಿ ಆಯ್ದದ್ದನ್ನು ಅಲ್ಲೇ ಬಿಟ್ಟು ಬನ್ನಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚಿಪ್ಪು ಹವಳಗಳನ್ನೇ ಹುಡುಕುತ್ತಾರೆ. ನೆನಪಿಗೆ ಏನಾದರೂ ಬೇಕು ಅಂದರೆ ಪೋರ್ಟ್ ಬ್ಲೇರಿನಲ್ಲಿ ಸರಕಾರದ 'ಸಾಗರಿಕಾ' ಮಳಿಗೆ ಇದೆ. ಪಡೌಕ್ ಮರದ ಕೆತ್ತನೆ, ಚಿಪ್ಪಿನ ಸಾಮಾನು ಸಿಗುತ್ತದೆ. ಬಿಲ್ ಕೇಳಿ ತೆಗೆದುಕೊಂಡು, ದೊಡ್ಡ ಚೀಲದಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.